ಮೂರನೇ ಸರದಿಯ ಬೆಣ್ಣೆ

ಟೆಕ್ಲಾ ವಿಸ್ನೊಸ್ಕಿ ಕೂತು ಊಟ ಮಾಡಿದ್ದನ್ನು ಸ್ಲೇಟ್ ಫೋರ್ಕ್ ಊರಿನಲ್ಲಿ ಯಾರೂ ಕಂಡವರಿಲ್ಲ. ತಟ್ಟೆಯನ್ನು ಒಲೆಯ ಪಕ್ಕದ ಕಟ್ಟೆಯ ಮೇಲಿಟ್ಟುಕೊಂಡು ಒಂದು ತುತ್ತು, ನಡುವೆ ಗಂಡ ಬ್ರೋನಿಕ್‌ನ ಲೋಟಕ್ಕೆ ಕಾಫಿ, ಇನ್ನೊಂದು ತುತ್ತು, ನಡುವೆ ಪಾತ್ರೆಗೆ ಬಿಸಿನೀರು. ಹೀಗೇ ಅವಳಿಗೆ ಐವತ್ತೆಂಟಾಗಿತ್ತು. ಕೂತರೆ ಕಾಲು ಜುಮುಗುಡುತ್ತದೆ ಎನ್ನುತ್ತಿದ್ದಳು. ಅವಳು ನೆಟ್ಟಗೆ ಕೂರುತ್ತಿದ್ದದ್ದು ವಾರಕ್ಕೊಮ್ಮೆ, ಒಂದೇ ಜಾಗದಲ್ಲಿ: ಶುಕ್ರವಾರ ಸಂಜೆ, ಹೈಸ್ಕೂಲ್ ಮೈದಾನದ ಹಲಗೆ ಮೆಟ್ಟಿಲುಗಳ ಐದನೇ ಸಾಲಿನಲ್ಲಿ, ಮೊಣಕಾಲ ಮೇಲೆ ನೋಟ್‌ಬುಕ್ಕೊಂದನ್ನು ಇಟ್ಟುಕೊಂಡು. ಅದೂ ಕೆಲಸವೇ. ಆದರೆ ಅದು ಕೆಲಸವೆಂದು ಊರಿಗೆ ಹೊಳೆದಿರಲಿಲ್ಲ; ಬಹಳ ಕಾಲ ಅವಳಿಗೂ ಹೊಳೆದಿರಲಿಲ್ಲ.

ಬ್ರೋನಿಕ್ ಫುಟ್‌ಬಾಲ್ ಮೈದಾನದ ಅಂಚಿನಲ್ಲಿ ಸರಪಳಿ ಹಿಡಿಯುವವನು. ಚೆಂಡನ್ನು ಕೈಯಲ್ಲಿ ಹಿಡಿದು ಓಡುವ, ಎಸೆದು ಹಿಡಿಯುವ ಫುಟ್‌ಬಾಲ್ ಅದು. ಹತ್ತು ಗಜದ ಸರಪಳಿ, ಎರಡು ತುದಿಗೆ ಎರಡು ಕೋಲು, ಮುಂದಿನ ಕೋಲು ಅವನ ಕೈಯಲ್ಲಿ. ಚೆಂಡು ಆ ಕೋಲು ದಾಟಬೇಕು. ದಾಟಿಸಲು ನಾಲ್ಕು ಸರದಿ. ಮೂರನೆಯದೂ ಕೈಕೊಟ್ಟಿತೆಂದರೆ ನಾಲ್ಕನೆಯದರಲ್ಲಿ ಚೆಂಡನ್ನು ದೂರಕ್ಕೆ ಒದ್ದು ಎದುರಿನವರಿಗೆ ಒಪ್ಪಿಸಿಬಿಡುವುದೇ ರೂಢಿ. ಹಾಗಾಗಿ ಊರಿನ ಜಗಳವೆಲ್ಲ ಮೂರನೇ ಸರದಿಯದು. ಓಡಬೇಕಿತ್ತೋ ಎಸೆಯಬೇಕಿತ್ತೋ, ಎಸೆದವನ ತಪ್ಪೋ ಹಿಡಿಯದವನ ತಪ್ಪೋ. ಕೋಲು ಹಿಡಿದವನು ಮಾತ್ರ ಕೂಗುವಂತಿಲ್ಲ, ಕುಣಿಯುವಂತಿಲ್ಲ, ಕೋಲಿನ ಬುಡದಿಂದ ಕಣ್ಣು ಕೀಳುವಂತಿಲ್ಲ.

ಇಪ್ಪತ್ತೆರಡು ವರ್ಷದ ಹಿಂದೆ, ಮೊದಲ ಸಲ ಕೋಲು ಹಿಡಿದ ಮಾರನೇ ಬೆಳಗ್ಗೆ, ಬ್ರೋನಿಕ್ ಮೊಟ್ಟೆಯ ತಟ್ಟೆಯ ಮುಂದೆ ಮುಖ ಸಣ್ಣ ಮಾಡಿಕೊಂಡು ಕೂತಿದ್ದ. "ಎಲ್ಲರಿಗಿಂತ ಹತ್ರ ನಿಂತಿದ್ದೆ ಕಣೆ. ಏನೂ ನೋಡ್ಲಿಲ್ಲ." ಟೆಕ್ಲಾ ಮೊಟ್ಟೆ ಮಗುಚುತ್ತಲೇ ಇಡೀ ಆಟ ಹೇಳಿದಳು. ಯಾವ ಸರದಿ, ಎಷ್ಟು ಗಜ, ಯಾರು ಬಿದ್ದರು, ಬಿದ್ದವನ ಮೇಲೆ ಯಾರು ಬಿದ್ದರು. ಬ್ರೋನಿಕ್ ಬಾಯಿ ತೆರೆದುಕೊಂಡು ಕೇಳಿಸಿಕೊಂಡ. "ಮುಂದಿನ ವಾರ ಬರ್ಕೊಂಡು ಬಾ" ಅಂದ. ಅಲ್ಲಿಂದ ಶುರು.

ಸೋಮವಾರ ಸಂಜೆ ಅಗ್ನಿಶಾಮಕ ಠಾಣೆಯ ಹಾಲ್‌ನಲ್ಲಿ ಆಟದ ಕ್ಲಬ್ಬು ಸೇರುತ್ತಿತ್ತು. ಉದ್ದ ಮೇಜಿನ ಸುತ್ತ ಗಂಡಸರು. ಗೋಡೆಯಾಚೆ ಅಡುಗೆಮನೆ, ಅದರಲ್ಲಿ ಹೆಂಗಸರು, ನಡುವೆ ತಟ್ಟೆ ದಾಟಿಸುವ ಒಂದು ಕಿಟಕಿ. ಗಂಡಸರು ಒಬ್ಬರ ಮಾತಿನ ಮೇಲೆ ಒಬ್ಬರು ಹತ್ತಿ ಕೂರುತ್ತಾರೆಂದು ಹಿಂದೆ ಯಾರೋ ಒಂದು ಕಟ್ಟುಪಾಡು ಮಾಡಿಟ್ಟಿದ್ದರು: ಮೈದಾನದಿಂದ ತೆಗೆದುಹಾಕಿದ ಹಳೇ ಕೋಲೊಂದು ಕೈಯಿಂದ ಕೈಗೆ ಹೋಗುತ್ತದೆ, ಅದು ಯಾರ ಕೈಯಲ್ಲಿದೆಯೋ ಅವರದೇ ಮಾತು. ಸರದಿ ತೋರಿಸಲು ಅದರ ತಲೆಯ ಮೇಲೆ ತಗಡಿನ ಅಂಕಿ ತಿರುಗಬೇಕಿತ್ತು; ತುಕ್ಕು ಹಿಡಿದು ಮೂರರಲ್ಲೇ ನಿಂತುಬಿಟ್ಟಿತ್ತು. ಆ ಕೋಲು ಹಿಡಿದು ಬ್ರೋನಿಕ್ ಎದ್ದು ನಿಂತ ಎಂದರೆ ಜಗಳ ತಣ್ಣಗಾಗುತ್ತಿತ್ತು. "ಬ್ರೋನಿಕ್‌ನ ಪುಸ್ತಕ" ಎಂದರೆ ಕೊನೆಯ ಮಾತು. ಉಕ್ಕಿನ ಗಿರಣಿ ಮುಚ್ಚಿ ಎರಡು ವರ್ಷವಾಗಿತ್ತು. ಮೇಜಿನ ಸುತ್ತ ಕೂತವರಲ್ಲಿ ಅರ್ಧ ಜನಕ್ಕೆ ವಾರದಲ್ಲಿ ತಮ್ಮ ಮಾತು ನಡೆಯುವ ಜಾಗ ಅದೊಂದೇ. ಅದು ಟೆಕ್ಲಾಗೆ ಗೊತ್ತಿತ್ತು. ಅದಕ್ಕೇ ಕಿಟಕಿಯಾಚೆ ನಿಂತು ತನ್ನ ವಾಕ್ಯಗಳನ್ನು ಗಂಡನ ಬಾಯಲ್ಲಿ ಕೇಳುತ್ತ ಎಲೆಕೋಸು ಹೆಚ್ಚುತ್ತಿದ್ದಳು.

ಪುಸ್ತಕದ ಭಾಷೆ ಪೂರ್ತಿಯಾಗಿ ಅವಳಿಗೊಬ್ಬಳಿಗೇ ಗೊತ್ತು. ಸುತ್ತು ಅಂದರೆ ಎಸೆತ, ಗೀಟು ಅಂದರೆ ಓಟ, ಅಷ್ಟು ಬ್ರೋನಿಕ್‌ಗೂ ಗೊತ್ತಿತ್ತು. ಮಿಕ್ಕಿದ್ದಕ್ಕೆ ಅವಳಜ್ಜಿ ಗುಡ್ಡದ ಮೇಲಿನ ಚರ್ಚಿನ ಪ್ರಾರ್ಥನೆ ಪುಸ್ತಕದಿಂದ ಕಲಿಸಿದ್ದ ಹಳೇ ದೇಶದ, ಅಜ್ಜಿ ಹುಟ್ಟಿದ ದೇಶದ, ಅಕ್ಷರಗಳು. ಚೆಂಡು ಗಾಳಿಯಲ್ಲಿರುವಾಗ ಕೈಗೆ ಬೇಗ ಬರುತ್ತಿದ್ದದ್ದು ಅವೇ. ಬ್ರೋನಿಕ್‌ನ ಮನೆಯವರು ಹೊಳೆದಂಡೆಯ ಚರ್ಚಿನವರು, ಪೋಲಿಷರು, ಆ ಅಕ್ಷರ ಅವರಿಗಿಲ್ಲ. ಶನಿವಾರ ಬೆಳಗ್ಗೆ ಅವಳು ಒಲೆಯ ಮುಂದೆ ನಿಂತು ಓದಿ ಹೇಳುವಳು, ಅವನು ಮೇಜಿನ ಮುಂದೆ ಕೂತು ಕಾರ್ಡಿನ ಮೇಲೆ ದುಂಡಗೆ ಬರೆದುಕೊಳ್ಳುವನು. ಇಪ್ಪತ್ತೆರಡು ವರ್ಷದಲ್ಲಿ ಒಂದು ಶನಿವಾರವೂ ತಪ್ಪಿರಲಿಲ್ಲ.

ಆ ಅಕ್ಟೋಬರಿನಲ್ಲಿ ತಪ್ಪಿತು. ಶುಕ್ರವಾರ ಗ್ಯಾಸ್ಟನ್‌ನವರ ಎದುರು ಹದಿನಾಲ್ಕು–ಹತ್ತರಲ್ಲಿ ಸೋತರು. ಶನಿವಾರ ನಸುಕಿಗೇ ಜಾನ್ಸ್‌ಟೌನ್‌ನಿಂದ ಫೋನ್: ಟೆಕ್ಲಾಳ ಅಕ್ಕ ಮೆಟ್ಟಿಲಿಂದ ಜಾರಿ ಸೊಂಟ ಉಳುಕಿಸಿಕೊಂಡಿದ್ದಾಳೆ, ಭಾವನಿಗೆ ನೀರು ಕಾಯಿಸಲೂ ಬರುವುದಿಲ್ಲ. ಟೆಕ್ಲಾ ಮೂರು ದಿನದ ಸೂಪು ಮಾಡಿ, ಜಾಡಿಗಳ ಮೇಲೆ ವಾರದ ಹೆಸರು ಬರೆದು, ಮೊಟ್ಟೆ ಬೇಯಿಸಿಟ್ಟು, ನೋಟ್‌ಬುಕ್ಕನ್ನು ಮೇಜಿನ ಮೇಲಿಟ್ಟು ಬಸ್ಸು ಹತ್ತಿದಳು. ಬ್ರೋನಿಕ್ ಸೂಪು ತಾನೇ ಬಿಸಿ ಮಾಡಿಕೊಂಡ. ಪುಸ್ತಕವನ್ನೂ ತಾನೇ ಓದಿಕೊಂಡ.

ಸೋಮವಾರ ಸಂಜೆ ಬಸ್ಸಿಳಿದವಳು ಮನೆಗೂ ಹೋಗದೆ ನೇರ ಠಾಣೆಯ ಅಡುಗೆಮನೆಗೆ ಬಂದು ಏಪ್ರನ್ ಕಟ್ಟಿಕೊಂಡಳು. ಇರ್ಮಾ ಯುರ್ಕೊ ಆಗಲೇ ಅನ್ನ-ಮಾಂಸದ ಹೂರಣವನ್ನು ಎಲೆಕೋಸಿನ ಎಲೆಗೆ ಸುತ್ತುತ್ತಿದ್ದಳು. ಇರ್ಮಾಳ ಮಗ ಡೆನ್ನಿ ತಂಡದ ಎಂಬತ್ತೇಳನೇ ನಂಬರು, ಓಡಿ ಚೆಂಡು ಹಿಡಿಯುವವನು. ಕಿಟಕಿಯಾಚೆ ಜಗಳ ಕಾವೇರಿತ್ತು.

"ಮೂರನೇ ಸರದಿ ಹನ್ನೆರಡು ಬಂತು, ದಾಟಿದ್ದು ಎರಡು! ಎರಡು ಕಣ್ರೋ! ನಮ್ಮತ್ತೆ ಊರುಗೋಲು ಹಿಡ್ಕೊಂಡು ಹೋಗಿದ್ರೂ ಮೂರು ದಾಟ್ತಿದ್ಲು."

"ಎಸೆಯೋದು ಯಾಕೆ ಅಂತೀನಿ. ಓಡ್ಬೇಕಿತ್ತು."

"ಎಂಟು ಗಜ ಬೇಕಾದಾಗ ಓಡ್ತಾನಂತೆ! ನಿನ್ ಹೊಟ್ಟೆ ನೋಡ್ಕೊಳೋ, ಕಕ್ಕಸಿಗೆ ಓಡೋಕೇ ನಿಂಗೆ ಎರಡು ಸರದಿ ಬೇಕು."

"ಕೋಲು ಯಾರ ಕೈಲಿದೆ? ಕೋಲಿಲ್ದೆ ಬಾಯಿ ಬಿಡ್ಬೇಡಿ!"

ಕೋಲು ಕಾರ್ಮೈನ್ ಡೆಲ್‌ಸಾಂಡ್ರೊನ ಕೈಯಲ್ಲಿತ್ತು. ಟೈರಿನ ಅಂಗಡಿಯವನು, ಕ್ಲಬ್ಬಿನ ಅಧ್ಯಕ್ಷ. ಚೆಂಡು ಎಸೆಯುವ ಹುಡುಗ ರಿಕ್ ಅವನ ಮೊಮ್ಮಗ. "ಎಸೆತದಲ್ಲಿ ಊನ ಇಲ್ಲ," ಅಂದ ಅವನು. "ಚೆಂಡು ಕೈಗೆ ತಾಗಿ ಬಿದ್ದಿದ್ದನ್ನ ಈ ಕಣ್ಣಲ್ಲೇ ನೋಡ್ದೆ. ಬ್ರೋನಿಕ್, ನಿನ್ ಪುಸ್ತಕ ಏನನ್ನುತ್ತಪ್ಪಾ?"

ಬ್ರೋನಿಕ್ ಕೋಲು ತೆಗೆದುಕೊಂಡು ಎದ್ದ. ಓದಿದ. "ಮೂರನೇ ಸರದಿ, ಎಂಟು ಗಜ. ಎಸೆತ, ಎಂಬತ್ತೇಳಕ್ಕೆ. ಬಿ. ಮೂರನೇ ಸರದಿ, ಒಂಬತ್ತು ಗಜ. ಎಸೆತ, ಎಂಬತ್ತೇಳಕ್ಕೆ. ಬಿ." ಹಾಗೆ ಏಳು ಸಲ.

"ಬಿ ಅಂದ್ರೆ ಏನಪ್ಪಾ?"

ಬ್ರೋನಿಕ್ ಹಾಳೆಯನ್ನು ಕಣ್ಣಿನ ಹತ್ತಿರ ತಂದು, ಮತ್ತೆ ದೂರ ಹಿಡಿದ. ಅದು ಕಿಟಕಿಯಾಚೆ ಟೆಕ್ಲಾಗೊಬ್ಬಳಿಗೇ ಕಂಡಿತು. ಆಮೇಲೆ ಅವನೆಂದ, "ಬಟರ್. ಬೆಣ್ಣೆಗೈ. ಹಿಡಿದಿದ್ದೆಲ್ಲ ಜಾರೋ ಕೈ."

ಹಾಲ್‌ಗೆ ಹಾಲೇ ನಕ್ಕಿತು. ಯಾರೋ ಮೇಜು ಗುದ್ದಿದರು. ಏಳು ಬೆಣ್ಣೆ! ಅದರ ಜೊತೆ ಬ್ರೆಡ್ಡೂ ಕೊಡ್ರಪ್ಪಾ! ಅಡುಗೆಮನೆಯಲ್ಲಿ ಇರ್ಮಾಳ ಕೈ ಎಲೆಕೋಸಿನ ಎಲೆಯ ಮೇಲೆ ನಿಂತುಹೋಯಿತು. ಆಮೇಲೆ ಆ ಎಲೆಯನ್ನೇ ಬಿಡಿಸಿ, ಮತ್ತೆ ಸುತ್ತಿ, ಮತ್ತೆ ಬಿಡಿಸಿದಳು.

ಮನೆಗೆ ಹೋಗುವಾಗ ಕಾರಿನಲ್ಲಿ ಟೆಕ್ಲಾ ನೋಟ್‌ಬುಕ್ ತೆರೆದು ಬೀದಿದೀಪದ ಬೆಳಕಿಗೆ ಹಿಡಿದಳು. ನೋಡಿದ ಕೂಡಲೇ ಅವಳಿಗೆ ನಗು ಬಂತು, ಬಂದಷ್ಟೇ ಬೇಗ ಹೋಯಿತು.

"ಇದು ಬಿ ಅಲ್ಲ."

"ಬಿ ಥರಾನೇ ಇದೆ."

"ಥರ ಇದೆ. ಅಜ್ಜಿ ಅಕ್ಷರದಲ್ಲಿ ಇದು ವಿ. ವಿಸೋಕೊ. ಎತ್ತರ ಅಂತ. ಚೆಂಡು ಎತ್ತರ ಬಂತು ಅಂತ ಬರ್ದಿದೀನಿ ಬ್ರೋನಿಕ್. ಏಳು ಸಲಾನೂ. ಆ ಹುಡುಗ ನೆಗೆದು ಬೆರಳ ತುದಿ ತಾಗಿಸಿದ್ದೇ ಹೆಚ್ಚು."

ಬ್ರೋನಿಕ್ ಗೇರು ಬದಲಿಸಿದ. ಬದಲಿಸುವ ಅಗತ್ಯವಿರಲಿಲ್ಲ. "ಇಪ್ಪತ್ತೆರಡು ವರ್ಷ ಇಂಗ್ಲಿಷಲ್ಲಿ ಬರೆಯೋಕೇನಾಗಿತ್ತು ನಿಂಗೆ?"

"ಇಪ್ಪತ್ತೆರಡು ವರ್ಷ ನಾನೇ ಓದಿ ಹೇಳ್ತಿದ್ನಲ್ಲ. ನಾಳೆ ಕೋಚ್‌ಗೊಂದು ಫೋನ್ ಮಾಡು. ತಪ್ಪಾಯ್ತು ಅನ್ನು."

"ಏನಂತ ಹೇಳ್ಲಿ? ನನ್ ಪುಸ್ತಕ ನಂಗೇ ಓದೋಕೆ ಬರಲ್ಲ ಅಂತಲಾ?" ಮನೆಗೆ ಬಂದು ಬಾಗಿಲ ಬೀಗ ತೆಗೆಯುತ್ತ ಅವನೇ ಅಂದ, "ನಾಲ್ಕು ದಿನ ಹೋದ್ರೆ ಮರೀತಾರೆ ಬಿಡು."

ಮರೆಯಲಿಲ್ಲ. ಮಂಗಳವಾರ ಬೆಳಗ್ಗೆ ಇರ್ಮಾ ಶಾಲೆಯ ಕ್ಯಾಂಟೀನಿನ ಕೆಲಸಕ್ಕೆ ಹೊರಟಾಗ ಮನೆಯ ಮುಂದಿನ ಮೆಟ್ಟಿಲ ಮೇಲೆ ಬೆಣ್ಣೆಯ ಗಟ್ಟಿಗಳನ್ನು ಯಾರೋ ಸಾಲಾಗಿ ಜೋಡಿಸಿಟ್ಟಿದ್ದರು. ಎಣಿಸುವುದು ಬೇಕಿರಲಿಲ್ಲ. ಬುಧವಾರ ಕೋಚ್ ಹಾಲಿಸ್ ಎಂಬ್ರಿ ಶುಕ್ರವಾರದ ಪಟ್ಟಿ ಹಚ್ಚಿದ. ಎಂಬತ್ತೇಳು ಆಟಕ್ಕಿಲ್ಲ, ಬೆಂಚಿಗೆ. ಅದು ಆ ವರ್ಷದ ಕೊನೆಯ ಆಟ, ಡೆನ್ನಿಗೆ ಶಾಲೆಯ ಕೊನೆಯ ವರ್ಷ. ಇನ್ನೊಂದು ಶುಕ್ರವಾರ ಅವನಿಗಿರಲಿಲ್ಲ.

ಆ ಎರಡು ದಿನ ಟೆಕ್ಲಾ ಮನೆಯಲ್ಲಿ ನಿಂತಲ್ಲಿ ನಿಲ್ಲಲಿಲ್ಲ. ಒಗೆದ ಪರದೆಯನ್ನೇ ಮತ್ತೆ ಒಗೆದಳು. ಅಡುಗೆಮನೆಯ ಡ್ರಾಯರನ್ನು ಖಾಲಿ ಮಾಡಿ, ಒರೆಸಿ, ಚಮಚಗಳನ್ನು ಇದ್ದ ಹಾಗೇ ಜೋಡಿಸಿದಳು. ಫೋನಿನ ಹತ್ತಿರ ಹೋಗಿ ಅದರ ಧೂಳು ಒರೆಸಿ ಬಂದಳು. ತಾನೇ ಮಾಡಿ ಹೇಳಿದರೆ ಕೋಚ್ ಏನು ಕೇಳುತ್ತಾನೆ ಎಂದು ಗೊತ್ತಿತ್ತು: ಬ್ರೋನಿಕ್ ಇದ್ದಾನಾ ಅಮ್ಮಾ, ಅವನಿಗೆ ಕೊಡಿ. ಬುಧವಾರ ಊಟದ ಹೊತ್ತಿಗೆ ಬ್ರೋನಿಕ್ ಎಂದ, "ಕೂತ್ಕೊಳೇ, ತಲೆ ಸುತ್ತುತ್ತೆ ನಿನ್ನ ನೋಡಿದ್ರೆ." ಅವಳೆಂದಳು, "ನೋಡ್ಬೇಡ. ಇಪ್ಪತ್ತೆರಡು ವರ್ಷದಿಂದ ನೋಡೋ ಕೆಲಸ ನಂದೇ ತಾನೆ."

ಗುರುವಾರ ಸಂಜೆ ತಂಡದ ಊಟ. ಪ್ರತಿ ಆಟದ ಹಿಂದಿನ ದಿನ ಕ್ಲಬ್ಬಿನವರು ಹುಡುಗರಿಗೆ ಅದೇ ಹಾಲ್‌ನಲ್ಲಿ ಉಣಬಡಿಸುತ್ತಿದ್ದರು. ಕ್ಲಬ್ಬಿನವರು ಎಂದರೆ ಅಡುಗೆಮನೆಯ ಆರು ಹೆಂಗಸರು. ಇರ್ಮಾ ಹನ್ನೆರಡು ಬ್ರೆಡ್ಡು ಹೊತ್ತುಕೊಂಡು ಎಂದಿನಂತೆ ಬಂದಳು.

"ನೀನ್ಯಾಕೆ ಬಂದ್ಯೇ ಇವತ್ತು?" ಟೆಕ್ಲಾ ಕೇಳಿದಳು.

"ನನ್ ಮಗ ಬೆಂಚ್ ಮೇಲೆ ಕೂತ್ರೂ ಅವನ ತಂಡ ಉಣ್ಬೇಕಲ್ಲ." ಇರ್ಮಾ ಬ್ರೆಡ್ಡು ಕೊಯ್ಯುತ್ತಿದ್ದಳು, ತಲೆ ಎತ್ತಲಿಲ್ಲ. "ಅವ್ನು ಎರಡು ದಿನದಿಂದ ಒಣ ಬ್ರೆಡ್ಡು ತಿಂತಿದಾನೆ. ಬೆಣ್ಣೆ ಡಬ್ಬಿ ಮೇಜಿನ ಮೇಲಿಡ್ಬೇಡ ಅಂದ. ಹದಿನೇಳು ವರ್ಷದ ಹುಡುಗ ಟೆಕ್ಲಾ, ಬೆಣ್ಣೆ ಡಬ್ಬೀಗೆ ಹೆದರ್ತಾನೆ."

ಟೆಕ್ಲಾ ಕೈಯಲ್ಲಿದ್ದ ಸೌಟು ಕೆಳಗಿಟ್ಟಳು. ಏಪ್ರನ್ನಿನ ಜೇಬಿನಿಂದ ನೋಟ್‌ಬುಕ್ ತೆಗೆದು ಬ್ರೆಡ್ಡಿನ ಪಕ್ಕ ಇಟ್ಟಳು. "ಅದು ಬಿ ಅಲ್ಲ ಇರ್ಮಾ. ನಾನು ಎತ್ತರ ಅಂತ ಬರೆದಿದ್ದು. ನನ್ನ ಅಕ್ಷರ ಅದು."

"ನಿನ್ನ ಅಕ್ಷರಾನಾ? ಪುಸ್ತಕ ಬ್ರೋನಿಕ್‌ದಲ್ವಾ?"

"ಅವನು ಓದ್ತಾನೆ. ಬರೆಯೋಳು ನಾನು."

ಇರ್ಮಾ ಚಾಕು ಹಿಡಿದುಕೊಂಡೇ ಅವಳನ್ನು ನೋಡಿದಳು. ಕೋಪ ಬರುವುದೋ ಅಳು ಬರುವುದೋ ಎಂದು ಟೆಕ್ಲಾ ಕಾದಳು. ಎರಡೂ ಬರಲಿಲ್ಲ. "ಸೋಮವಾರದಿಂದ ಗೊತ್ತಿತ್ತಾ ನಿಂಗೆ?"

"ಗೊತ್ತಿತ್ತು."

"ಮತ್ತೆ ಇದನ್ನ ಬಂದು ನನ್ನ ಬ್ರೆಡ್ಡಿಗೆ ಯಾಕೆ ಹೇಳ್ತಿದೀಯಾ? ಅಲ್ಲಿ ಹೋಗಿ ಹೇಳು." ಚಾಕುವಿನಿಂದಲೇ ಕಿಟಕಿಯಾಚೆ ತೋರಿಸಿದಳು.

ಟೆಕ್ಲಾ ಕಿಟಕಿಯಿಂದ ತಟ್ಟೆ ದಾಟಿಸುವ ಬದಲು ಬಾಗಿಲಿನಿಂದ ಹೊರಗೆ ಬಂದಳು. ಹುಡುಗರು ಅರ್ಧ ಉಂಡಿದ್ದರು. ಕ್ಲಬ್ಬಿನ ಗಂಡಸರೂ ಕೋಚೂ ಅವರ ಜೊತೆಗೇ ಕೂತಿದ್ದರು. ಡೆನ್ನಿ ಮೇಜಿನ ಕೊನೆಯಲ್ಲಿ ಫೋರ್ಕಿನಿಂದ ನೂಡಲ್ಸನ್ನು ಸುತ್ತುತ್ತ, ಬಿಡಿಸುತ್ತ ಕೂತಿದ್ದ, ಥೇಟ್ ಅವನ ತಾಯಿ ಎಲೆಕೋಸಿನ ಎಲೆ ಸುತ್ತಿ ಬಿಡಿಸಿದ ಹಾಗೆ. ಕೋಲು ಮೂಲೆಯಲ್ಲಿ ಒರಗಿತ್ತು. ಅದನ್ನು ಎತ್ತಿದಾಗ ಇಷ್ಟು ಭಾರವಿರುತ್ತದೆಂದು ಗೊತ್ತಿರಲಿಲ್ಲವಲ್ಲ ಅನ್ನಿಸಿತು. ಇಪ್ಪತ್ತೆರಡು ವರ್ಷ ಅದರ ಸುತ್ತ ಕಸ ಗುಡಿಸಿದ್ದಳೇ ಹೊರತು ಎತ್ತಿರಲಿಲ್ಲ.

"ಅದನ್ನ ಅಲ್ಲೇ ಬಿಡಮ್ಮಾ, ಆಮೇಲೆ ಗುಡಿಸಿದ್ರಾಯ್ತು," ಅಂದ ಒಬ್ಬ.

"ಗುಡಿಸೋಕಲ್ಲ. ಮಾತಾಡೋಕೆ." ಅವಳ ದನಿ ಅವಳಿಗೇ ಕೀರಲಾಗಿ ಕೇಳಿಸಿತು. "ಕೋಲು ನನ್ನ ಕೈಲಿದೆ."

ಕಾರ್ಮೈನ್ ನಕ್ಕ. "ಟೆಕ್ಲಾ, ಮೊದಲು ಒಂದ್ ರೌಂಡ್ ಕಾಫಿ ಆಗ್ಲಿ ತಾಯಿ, ಆಮೇಲೆ ಭಾಷಣ."

"ಕಾಫಿ ಪಾತ್ರೆಗೆ ಹಿಡಿ ಇದೆ ಕಾರ್ಮೈನ್. ನಿಂಗೂ ಕೈ ಇದೆ." ಹುಡುಗರ ಕಡೆಯಿಂದ ಒಂದು ಕಿಸಕ್ಕನೆ ನಗು. ಟೆಕ್ಲಾ ನೋಟ್‌ಬುಕ್ ತೆರೆದಳು. ಬ್ರೋನಿಕ್ ಕುರ್ಚಿಯಲ್ಲಿ ಇಷ್ಟೇ ಇಷ್ಟು ಕುಗ್ಗಿದ್ದನ್ನು ನೋಡಿದಳು. ನೋಡಿಯೂ ಓದಿದಳು. "ಈ ಪುಸ್ತಕ ಬರೆಯೋಳು ನಾನು. ಅರವತ್ತೆರಡನೇ ಇಸವಿಯಿಂದ. ಬ್ರೋನಿಕ್‌ಗೆ ಕೋಲು ಬಿಟ್ಟು ಕಣ್ಣೆತ್ತೋ ಹಾಗಿಲ್ಲ, ಅದು ನಿಮಗೆಲ್ಲ ಗೊತ್ತು. ಗೊತ್ತಿದ್ದೂ ಯಾರೂ ಕೇಳ್ಲಿಲ್ಲ, ಹಾಗಾದ್ರೆ ನೋಡೋರ್ಯಾರು ಅಂತ. ಈ ಸಲ ನಾನು ಊರಲ್ಲಿರ್ಲಿಲ್ಲ, ಅವನು ತಪ್ಪು ಓದ್ದ. ಇದು ಬಿ ಅಲ್ಲ. ನಮ್ಮಜ್ಜಿ ವಿ. ಎತ್ತರ ಅಂತ. ಏಳು ಎಸೆತ, ಏಳೂ ಎತ್ತರ. ಬೆಣ್ಣೆ ಒಂದೂ ಇಲ್ಲ."

"ಅಂದ್ರೆ ನನ್ ಮೊಮ್ಮಗನ ತಪ್ಪು ಅಂತೀಯಾ?" ಕಾರ್ಮೈನ್‌ನ ನಗು ಎಲ್ಲಿಗೋ ಹೋಗಿತ್ತು.

"ಕೋಲಿಲ್ದೆ ಬಾಯಿ ಬಿಡ್ಬೇಡಿ ಅಂತ ನೀನೇ ಅಲ್ವಾ ಹೇಳೋದು? ರಿಕ್‌ನ ತಪ್ಪು ಅನ್ನಲಿಲ್ಲ ನಾನು. ಮೂರನೇ ಸರದಿ ಬಂದ್ರೆ ನಾವು ಎಸೀತೀವಿ. ಎಸೆದ್ರೆ ಬಲಕ್ಕೇ. ಎರಡನೇ ಸರದೀಲಿ ಒಂದ್ಸಲಾನೂ ಎಸೀಲಿಲ್ಲ, ಬೇಕಾದ್ರೆ ಹಾಳೆ ತಿರುವಿ ನೋಡಿ. ಇದು ನಂಗೆ ಐದನೇ ಸಾಲಿಂದ ಕಾಣುತ್ತೆ ಅಂದ್ರೆ ಗ್ಯಾಸ್ಟನ್‌ನವರಿಗೆ ಎದುರಿಂದ ಕಾಣಲ್ವಾ? ಚೆಂಡು ರಿಕ್ ಕೈಗೆ ಬರೋ ಮೊದ್ಲೇ ಎಡಗಡೆಯಿಂದ ಇಬ್ಬರು ಮೈಮೇಲೆ ಬರ್ತಾರೆ. ಹಿಂಗಾಲ ಮೇಲೆ ನಿಂತು ಎಸೆದ್ರೆ ಯಾರ ಚೆಂಡಾದ್ರೂ ಆಕಾಶಕ್ಕೇ ಹೋಗೋದು."

ರಿಕ್ ತಟ್ಟೆ ನೋಡುತ್ತಿದ್ದ. ಕಿವಿ ಕೆಂಪಗಿತ್ತು. ತಾತನ ಕಡೆ ನೋಡದೆ, "ಹಿಂಗಾಲೇ," ಅಂದ. ಯಾರಿಗೆಂದು ಗೊತ್ತಾಗಲಿಲ್ಲ.

ಕೋಚ್ ಎಂಬ್ರಿ ಮಾತು ಕಮ್ಮಿ ಮನುಷ್ಯ. ಅಂಗಿಯ ಜೇಬಿನಿಂದ ಪೆನ್ಸಿಲ್ ತೆಗೆದು ಕಾಗದದ ಕರವಸ್ತ್ರದ ಮೇಲೆ ಏನೋ ಗೀಚಿದ. "ಏಳೂ ಬಲಕ್ಕೇನಾ?"

ಟೆಕ್ಲಾ ಅರೆಗಳಿಗೆ ಬ್ರೋನಿಕ್‌ನ ಕಡೆ ತಿರುಗಿದಳು, ಅಭ್ಯಾಸದಿಂದ. ಆದರೆ ಕೋಚ್ ನೋಡುತ್ತಿದ್ದದ್ದು ಅವಳನ್ನು. "ಏಳೂ ಬಲಕ್ಕೆ," ಅಂದಳು.

"ಪುಸ್ತಕ ನಾಳೆ ಮಧ್ಯಾಹ್ನದವರೆಗೂ ಕೊಡ್ತೀರಾ?"

"ಕೊಟ್ರೆ ಓದೋಕೆ ಬರಲ್ಲ ನಿಮಗೆ," ಅಂದಳು ಟೆಕ್ಲಾ. "ಕೂತ್ಕೊಳ್ಳಿ, ಹೇಳ್ತೀನಿ."

ತಾನೂ ಕುರ್ಚಿ ಎಳೆದುಕೊಂಡಳು. ಕಾಲು ಜುಮುಗುಟ್ಟಿತು. ಅಡುಗೆಮನೆಯಲ್ಲಿ ನೂಡಲ್ಸು ತಳ ಹಿಡಿದ ವಾಸನೆ ಬಂತು. ಎರಡು ಸಲ ಏಳಲು ಹೋಗಿ, ಎರಡು ಸಲವೂ ಕುರ್ಚಿಯ ಅಂಚು ಹಿಡಿದುಕೊಂಡು ಕೂತಳು.

ಶುಕ್ರವಾರ ಬೆಳಗ್ಗೆ ಬ್ರೋನಿಕ್ ಮೊಟ್ಟೆಯನ್ನು ತಾನೇ ಒಡೆದು ಬಾಣಲೆಗೆ ಹಾಕಿ ಸುಟ್ಟುಕೊಂಡ. ಸುಟ್ಟಿದ್ದನ್ನೇ ತಿಂದ. ಟೋಪಿ ಹಾಕಿಕೊಂಡು ಬಾಗಿಲ ತನಕ ಹೋದವನು ಅಲ್ಲೇ ನಿಂತು, ಬಾಗಿಲಿಗೇ ಕೇಳಿದ, "ಇವತ್ತು ಬರೀತೀಯೋ ಇಲ್ವೋ?"

"ಬರೀತೀನಿ. ಸೋಮವಾರ ಓದೋದೂ ನಾನೇ."

"ನಾನೇನ್ ಮಾಡ್ಲಿ ಅಲ್ಲಿ ಕೂತು?"

ಟೆಕ್ಲಾ ಬಾಣಲೆಯನ್ನು ತಿಕ್ಕಲು ಎತ್ತಿಕೊಂಡಳು. ಅವನು ಹೋದ ಮೇಲೂ ಆ ಪ್ರಶ್ನೆ ಅಡುಗೆಮನೆಯಲ್ಲಿ ಅವಳ ಕಾಲಿಗೆ ತೊಡರುತ್ತಲೇ ಇತ್ತು.

ಸಂಜೆ ಐದನೇ ಸಾಲಿನಲ್ಲಿ ಇರ್ಮಾ ಬಂದು ಅವಳ ಪಕ್ಕ ಕೂತಳು. ತಂಡ ಮೈದಾನಕ್ಕೆ ಓಡಿ ಬಂದಾಗ ಎಂಬತ್ತೇಳು ಮುಂದಿನ ಸಾಲಿನಲ್ಲಿತ್ತು. ಇರ್ಮಾ ಟೆಕ್ಲಾಳ ತೋಳಿಗೆ ತೋಳು ಒತ್ತಿದಳು, ಪೆನ್ಸಿಲ್ ಅಲುಗಾಡಿತು. ಎರಡನೇ ಸರದಿಯಲ್ಲೇ ರಿಕ್ ಎಡಕ್ಕೊಂದು ಎಸೆದ. ಹನ್ನೊಂದು ಗಜ! ಮೆಟ್ಟಿಲುಗಳೆಲ್ಲ ಎದ್ದು ನಿಂತವು. ಕಾರ್ಮೈನ್ ಕೆಳಗಿನಿಂದ ತಿರುಗಿ ಟೆಕ್ಲಾಳ ಕಡೆ ನೋಡಿ, ನೋಡದವನ ಹಾಗೆ ಮತ್ತೆ ತಿರುಗಿದ.

ಆಮೇಲೆ ಒಂದು ಮೂರನೇ ಸರದಿ ಬಂತು, ಆರು ಗಜ ಬೇಕಿತ್ತು. ರಿಕ್ ಎಡಕ್ಕೆ ಎಸೆದ. ಚೆಂಡು ನೇರ ಹೋಯಿತು, ಎದೆಯ ಮಟ್ಟಕ್ಕೆ, ತೊಟ್ಟಿಲಲ್ಲಿ ಮಗು ಇಟ್ಟಷ್ಟು ಮೆತ್ತಗೆ. ಡೆನ್ನಿಯ ಎರಡೂ ಅಂಗೈಗೆ ಬಂತು. ಜಾರಿ ಹುಲ್ಲಿಗೆ ಬಿತ್ತು.

ಮೆಟ್ಟಿಲುಗಳ ಮೇಲೆ ಒಂದು ನರಳು ಕೇಳಿಸಿತು, ಎಲ್ಲಿಂದಲೋ "ಬೆಣ್ಣೇ" ಎಂಬ ಕೂಗು. ಟೆಕ್ಲಾಳ ಪೆನ್ಸಿಲ್ ಕಾಗದದ ಮೇಲೆ ನಿಂತಿತ್ತು. ಇಪ್ಪತ್ತೆರಡು ವರ್ಷದಲ್ಲಿ ಒಂದು ಅಕ್ಷರ ಬರೆಯಲು ಅವಳಿಗೆ ಇಷ್ಟು ಹೊತ್ತು ಹಿಡಿದಿರಲಿಲ್ಲ.

"ಬರಿ," ಅಂದಳು ಇರ್ಮಾ.

"ಯಾವ ಅಕ್ಷರ ಅಂತ ನೋಡ್ತಿದೀನಿ."

"ಬಿ. ಇಂಗ್ಲಿಷ್ ಬಿ." ಇರ್ಮಾಳ ಕಣ್ಣು ಮಗನ ಮೇಲಿತ್ತು. "ಇದು ಬೆಣ್ಣೇನೇ ಕಣೆ. ಬರಿ, ಬರಿ. ಇನ್ನೊಂದ್ಸಲ ಅವನ ಕಡೆಗೇ ಎಸೀತಾರೆ ತಾನೆ?"

"ಎಸೀದೆ ಏನು," ಅಂದು ಟೆಕ್ಲಾ ಬಿ ಬರೆದಳು. ಅದು ಅಜ್ಜಿಯ ವಿ ಥರಾನೇ ಇತ್ತು. ತಡೆದು, ಅದರ ಕೆಳಗೊಂದು ಗೀಟು ಎಳೆದಳು, ಸೋಮವಾರ ತಾನೇ ತಪ್ಪು ಓದದಿರಲಿ ಎಂದು.

ಕೆಳಗೆ ಮೈದಾನದ ಅಂಚಿನಲ್ಲಿ ಬ್ರೋನಿಕ್ ಕೋಲಿನ ಬುಡದಿಂದ ಕಣ್ಣೆತ್ತಿ ಐದನೇ ಸಾಲನ್ನು ಹುಡುಕುತ್ತಿದ್ದ, ಏನಾಯಿತು ಎಂದು ಹುಬ್ಬಿನಲ್ಲೇ ಕೇಳುತ್ತ. ರೆಫರಿ ಅವನ ಕಡೆ ಕೈ ಬೀಸಿ ಗದರಿದ. ಅವನು ತಲೆ ತಗ್ಗಿಸಲಿಲ್ಲ.